ಲಸಿಕೆ ನಿಂತ ಕಂಪ್ಯೂಟರಿಗೆ ಸಂತೆ ಬೇಡ

ನಿಮ್ಮ ಊರಿನ ಹಾಲಿನ ಡೇರಿಗೆ ಹೋದಾಗ ಒಮ್ಮೆ ಮೂಲೆಯ ಮೇಜಿನತ್ತ ಕಣ್ಣು ಹಾಯಿಸಿ. ಅಲ್ಲಿ ಹಳೆಯದೊಂದು ಕಂಪ್ಯೂಟರ್ ಕುಳಿತಿರುತ್ತದೆ. ಕೀಲಿಮಣೆಯ ಮೇಲಿನ ಅಕ್ಷರಗಳು ಅಳಿಸಿಹೋಗಿರುತ್ತವೆ, ಧೂಳು ಬೀಳದಿರಲೆಂದು ಮೇಲೊಂದು ಟವೆಲ್ಲು ಹೊದಿಸಿರುತ್ತಾರೆ. ನೀವು ಬೆಳಿಗ್ಗೆ ಎಷ್ಟು ಲೀಟರು ಹಾಕಿದಿರಿ, ಸಂಜೆ ಎಷ್ಟು, ಫ್ಯಾಟ್ ಎಷ್ಟು ಬಂತು, ಪಶು ಆಹಾರದ ಬಾಬ್ತು ಎಷ್ಟು ಮುರಿದುಕೊಂಡರು, ಈ ಬಟವಾಡೆಗೆ ಕೈಗೆ ಬರುವುದೆಷ್ಟು, ಇಷ್ಟೂ ಲೆಕ್ಕ ಅದರ ಹೊಟ್ಟೆಯೊಳಗಿದೆ. ಈಚೆಗೆ ಅದನ್ನು ಚಾಲೂ ಮಾಡಿದಾಗ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತಿರಬಹುದು, ಇನ್ನು ಮುಂದೆ ಈ ಯಂತ್ರಕ್ಕೆ ಭದ್ರತೆಯ ಅಪ್‌ಡೇಟ್ ಬರುವುದಿಲ್ಲವೆಂದು. ಕಾರ್ಯದರ್ಶಿಗಳು ಮೂಲೆಯ ಇಂಟು ಗುರುತನ್ನು ಒತ್ತಿ ಅದನ್ನು ಮರೆಮಾಡುತ್ತಾರೆ, ಹಾಲು ಅಳೆಯಲು ತೊಡಗುತ್ತಾರೆ. ಅವರನ್ನು ದೂರುವಂತಿಲ್ಲ. ಕ್ಯಾನು ಹಿಡಿದು ನಲವತ್ತು ಜನ ಸಾಲಿನಲ್ಲಿ ನಿಂತಿರುವಾಗ ಇಂಗ್ಲಿಷಿನ ಸೂಚನೆಯನ್ನು ಓದುತ್ತ ಕೂರಲು ಯಾರಿಗೆ ಬಿಡುವಿದೆ?

ಆ ಸೂಚನೆಯ ಅರ್ಥವೇನು? ಅದು ಬಂದ ಮೇಲೆ ಯಂತ್ರವನ್ನು ಗುಜರಿಗೆ ಹಾಕಲೇಬೇಕೇ? ಇಟ್ಟುಕೊಳ್ಳುವುದಾದರೆ ಯಾವ ಎಚ್ಚರಿಕೆ ಬೇಕು? ಈ ವಾರ ಇದನ್ನು ನೋಡೋಣ. ಡೇರಿಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ ಅಷ್ಟೆ. ಮಗಳು ಕಾಲೇಜಿಗೆ ಹೋಗುವಾಗ ಕೊಂಡ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ, ಊರಿನ ಶಾಲೆಯಲ್ಲಿ ದಾನಿಗಳು ಕೊಟ್ಟ ಯಂತ್ರವಿದ್ದರೆ ಈ ಮಾತು ಅದಕ್ಕೂ ಸಲ್ಲುತ್ತದೆ.

ಅಪ್‌ಡೇಟ್ ಎಂಬ ಲಸಿಕೆ

ಕಂಪ್ಯೂಟರನ್ನು ನಡೆಸುವ ಮೂಲ ಕಾರ್ಯಕ್ರಮಕ್ಕೆ ವಿಂಡೋಸ್ ಎಂದು ಹೆಸರು. ನಮ್ಮ ಕಡೆಯ ಹೆಚ್ಚಿನ ಯಂತ್ರಗಳಲ್ಲಿ ಇರುವುದು ಅದೇ. ಕೋಟಿಗಟ್ಟಲೆ ಸಾಲುಗಳಲ್ಲಿ ಮನುಷ್ಯರೇ ಬರೆದ ಕಾರ್ಯಕ್ರಮವಾದ್ದರಿಂದ ಅದರಲ್ಲಿ ಅಲ್ಲಲ್ಲಿ ಸಂದುಗಳು ಉಳಿದಿರುತ್ತವೆ. ಎಷ್ಟು ಒತ್ತಾಗಿ ಬೇಲಿ ಕಟ್ಟಿದರೂ ಹಂದಿ ನುಗ್ಗಲು ಎಲ್ಲೋ ಒಂದು ಕಂಡಿ ಸಿಗುವುದಿಲ್ಲವೇ, ಹಾಗೆ. ಸಂದು ಪತ್ತೆಯಾದಂತೆಲ್ಲ ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಕಂಪನಿ ಮುಚ್ಚುವ ತೇಪೆಯನ್ನು ಕಳಿಸುತ್ತದೆ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಈ ತೇಪೆಗಳು ಹೊರಡುವುದು ವಾಡಿಕೆ. ಇದಕ್ಕೇ ಭದ್ರತೆಯ ಅಪ್‌ಡೇಟ್ ಎನ್ನುತ್ತಾರೆ.

ಆದರೆ ಕಂಪನಿ ಒಂದೇ ವಿಂಡೋಸಿಗೆ ಎಂದೆಂದಿಗೂ ತೇಪೆ ಹಚ್ಚುತ್ತ ಕೂರುವುದಿಲ್ಲ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ ಅದು ನಿಂತಿತು. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ನಿಂತಿತು. 2015ರಲ್ಲಿ ಬಂದು ಹತ್ತು ವರ್ಷ ನಡೆದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಉಚಿತ ಅಪ್‌ಡೇಟ್ ಮುಗಿಯಿತು. ನಿಮ್ಮ ಯಂತ್ರದಲ್ಲಿ ಯಾವುದಿದೆ ಎಂದು ತಿಳಿಯುವುದು ಸುಲಭ. ಕೀಲಿಮಣೆಯ ಎಡಭಾಗದಲ್ಲಿ ನಾಲ್ಕು ಪುಟ್ಟ ಚೌಕಗಳ ಚಿತ್ರವಿರುವ ಗುಂಡಿಯನ್ನು ಒತ್ತಿ ಹಿಡಿದು ಆರ್ ಅಕ್ಷರ ಒತ್ತಿರಿ. ತೆರೆಯುವ ಸಣ್ಣ ಚೌಕಟ್ಟಿನಲ್ಲಿ ಡಬ್ಲ್ಯು, ಐ, ಎನ್, ವಿ, ಇ, ಆರ್ ಎಂದು ಆರು ಅಕ್ಷರ ಬರೆದು ಎಂಟರ್ ಒತ್ತಿದರೆ ಹೆಸರು ಕಾಣುತ್ತದೆ.

ಅಪ್‌ಡೇಟ್ ನಿಂತ ಮಾರನೆಯ ದಿನ ಯಂತ್ರ ಕೆಡುವುದಿಲ್ಲ. ಇಲ್ಲೇ ನಾವು ಮೋಸಹೋಗುವುದು. ಕಾಲುಬಾಯಿ ಜ್ವರದ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕಿಸುತ್ತೀರಿ. ಒಂದು ಸಲ ತಪ್ಪಿದರೆ ಹಸು ಅಂದೇ ಮಲಗುತ್ತದೆಯೇ? ಇಲ್ಲ. ಮೇವು ತಿನ್ನುತ್ತದೆ, ಹಾಲು ಕೊಡುತ್ತದೆ, ಮೈ ಮಿನುಗುತ್ತಿರುತ್ತದೆ. ರೋಗ ಊರಿಗೆ ಬಂದ ದಿನವಷ್ಟೇ ವ್ಯತ್ಯಾಸ ತಿಳಿಯುವುದು. ಕಂಪ್ಯೂಟರಿನ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. ಹೊಸ ವಿಂಡೋಸಿಗೆ ಬರುವ ತೇಪೆಯನ್ನು ಕಳ್ಳರೂ ಬಿಚ್ಚಿ ನೋಡುತ್ತಾರೆ. ತೇಪೆ ಎಲ್ಲಿ ಬಿತ್ತೆಂದು ತಿಳಿದರೆ ಹರಿದದ್ದು ಎಲ್ಲಿ ಎಂದೂ ತಿಳಿಯಿತು. ಹಳೆಯ ಮತ್ತು ಹೊಸ ವಿಂಡೋಸ್ ಬಹುಪಾಲು ಒಂದೇ ಬಟ್ಟೆಯಿಂದ ಹೊಲಿದವು. ಆದ್ದರಿಂದ ಅದೇ ಹರಕು ಹಳೆಯದರಲ್ಲಿ ಬಾಯಿ ತೆರೆದುಕೊಂಡೇ ಇರುತ್ತದೆ.

ವಯನಾಡಿನವರೆಗೂ ಬಂದ ರೋಗ

ಇದೆಲ್ಲ ಅಮೆರಿಕದವರ, ಬ್ಯಾಂಕಿನವರ ತಲೆನೋವು, ಹಳ್ಳಿಯ ಯಂತ್ರವನ್ನು ಯಾರು ಮುಟ್ಟುತ್ತಾರೆ ಎಂದು ಕೇಳುವವರಿದ್ದಾರೆ. ಅವರು 2017ರ ಮೇ ತಿಂಗಳಿನಲ್ಲಿ ಏನಾಯಿತೆಂದು ತಿಳಿಯಬೇಕು.

ಆ ತಿಂಗಳ 12ನೆಯ ತಾರೀಖು, ಶುಕ್ರವಾರ. ವಾನಾಕ್ರೈ ಎಂಬ ಹೆಸರಿನ ದುಷ್ಟ ಕಾರ್ಯಕ್ರಮವೊಂದು ಜಗತ್ತಿನ ಕಂಪ್ಯೂಟರುಗಳಿಗೆ ನುಗ್ಗಿತು. ನುಗ್ಗಿದಲ್ಲೆಲ್ಲ ಕಡತಗಳಿಗೆ ಬೀಗ ಜಡಿದು, 300 ಡಾಲರ್ ಕೊಟ್ಟರೆ ಬೀಗ ತೆಗೆಯುತ್ತೇನೆ, ಮೂರು ದಿನ ತಡವಾದರೆ 600 ಡಾಲರ್ ಎಂದು ಪರದೆಯ ಮೇಲೆ ಬರೆಯಿತು. ಕೆಲವೇ ದಿನಗಳಲ್ಲಿ 150ಕ್ಕೂ ಹೆಚ್ಚು ದೇಶಗಳಿಗೆ ಹರಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆ ತೆರೆಯದೆ ಸುಮಾರು 19 ಸಾವಿರ ತಪಾಸಣೆ, ಚಿಕಿತ್ಸೆಗಳನ್ನು ರದ್ದುಗೊಳಿಸಬೇಕಾಯಿತೆಂದು ಅಲ್ಲಿನ ಲೆಕ್ಕ ಪರಿಶೋಧಕರು ಅಂದಾಜು ಮಾಡಿದರು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕೊಡಗು, ಮೈಸೂರು, ಚಾಮರಾಜನಗರ ಜಿಲ್ಲೆಗಳ ಪಕ್ಕದಲ್ಲೇ ಇರುವ ಕೇರಳದ ವಯನಾಡಿನಲ್ಲಿ, ಹಾಗೆಯೇ ಪತ್ತನಂತಿಟ್ಟ ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿ ಕಚೇರಿಗಳ ಕಂಪ್ಯೂಟರುಗಳಿಗೂ ಅದೇ ಬೀಗ ಬಿತ್ತು. ಆ ಕಾರ್ಯಕ್ರಮಕ್ಕೆ ಲಂಡನ್ನಿನ ಆಸ್ಪತ್ರೆಯೂ ಒಂದೇ, ಬೆಟ್ಟದ ಮೇಲಿನ ಪಂಚಾಯಿತಿಯೂ ಒಂದೇ. ಅದು ಊರು ನೋಡಿ ಬರಲಿಲ್ಲ, ಸಂದು ನೋಡಿ ಬಂತು.

ಇನ್ನೊಂದು ಸಂಗತಿಯನ್ನು ಗಮನಿಸಿ. ಯಾರೋ ಏನನ್ನೋ ಒತ್ತಿದ್ದರಿಂದ ಅದು ಹರಡಿದ್ದಲ್ಲ. ಒಂದೇ ಜಾಲದಲ್ಲಿದ್ದ ಒಂದು ಯಂತ್ರದಿಂದ ಮತ್ತೊಂದಕ್ಕೆ ತಾನಾಗಿಯೇ ದಾಟುತ್ತಿತ್ತು, ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದ ದನಗಳಿಗೆ ಜ್ವರ ದಾಟುವಂತೆ. ಆ ಸಂದನ್ನು ಮುಚ್ಚುವ ತೇಪೆಯಾದರೋ ಎರಡು ತಿಂಗಳ ಮೊದಲೇ, ಮಾರ್ಚಿ 14ಕ್ಕೇ ಬಂದಿತ್ತು. ಹಾಕಿಕೊಂಡವರು ಬಚಾವಾದರು. ಬಲಿಯಾದ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 7ರವು. ಅದಕ್ಕೆ ಆಗಿನ್ನೂ ಅಪ್‌ಡೇಟ್ ಬರುತ್ತಿತ್ತು, ಜನ ಹಾಕಿಕೊಂಡಿರಲಿಲ್ಲ. ಬರುವ ಲಸಿಕೆಯನ್ನು ಹಾಕಿಸದವರಿಗೇ ಹೀಗಾದರೆ ಲಸಿಕೆಯೇ ನಿಂತುಹೋದವರ ಗತಿಯನ್ನು ಯೋಚಿಸಿ. ಎಕ್ಸ್‌ಪಿ ಇಟ್ಟುಕೊಂಡವರ ಪಾಡು ನೋಡಲಾರದೆ ಕಂಪನಿ ಆ ಸಲ ನಿಯಮ ಮುರಿದು ಅದಕ್ಕೂ ಒಂದು ತೇಪೆ ಕೊಟ್ಟಿತು. ಪ್ರತಿ ಸಲವೂ ಕೊಟ್ಟೀತೆಂದು ನಂಬಿ ಕೂರುವಂತಿಲ್ಲ.

ಮೊದಲು ಕೆಲಸ ಬೇರ್ಪಡಿಸಿ

ಹಾಗಾದರೆ ಏನು ಮಾಡಬೇಕು? ಲಸಿಕೆ ತಪ್ಪಿದ ಎತ್ತನ್ನು ನೀವು ಕೊಲ್ಲುವುದಿಲ್ಲ. ಜಾತ್ರೆಗೆ, ಸಂತೆಗೆ ಹೊಡೆದುಕೊಂಡು ಹೋಗುವುದಿಲ್ಲ, ಊರ ತೊಟ್ಟಿಯಲ್ಲಿ ನೀರು ಕುಡಿಸುವುದಿಲ್ಲ. ಮನೆಯಲ್ಲೇ ಕಟ್ಟಿ ಮನೆಯ ಹೊಲವನ್ನೇ ಉಳಿಸುತ್ತೀರಿ. ಹಳೆಯ ಕಂಪ್ಯೂಟರಿಗೂ ಇದೇ ಉಪಾಯ. ಕಂಪ್ಯೂಟರಿನ ಸಂತೆ ಎಂದರೆ ಇಂಟರ್‌ನೆಟ್.

ಸಂಘದ ಆಡಳಿತ ಮಂಡಳಿಯವರು ಕುಳಿತು ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಈ ಯಂತ್ರ ಮಾಡುವ ಯಾವ ಯಾವ ಕೆಲಸಕ್ಕೆ ಇಂಟರ್‌ನೆಟ್ ನಿಜವಾಗಿ ಬೇಕು? ಹಾಲಿನ ಪ್ರಮಾಣ ಬರೆಯುವುದು, ಚೀಟಿ ಮುದ್ರಿಸುವುದು, ಲೆಡ್ಜರು, ಸಭೆಯ ನಡವಳಿ, ನೋಟೀಸು ಇವಕ್ಕೆಲ್ಲ ಬಹಳ ಕಡೆ ಬೇಡ. ಬ್ಯಾಂಕಿನ ಕೆಲಸ, ಪಹಣಿ ತೆಗೆಯುವುದು, ಒಕ್ಕೂಟಕ್ಕೆ ವರದಿ ಕಳಿಸುವುದು ಇವಕ್ಕೆ ಬೇಕು. ಬೇಕಾದ ಕೆಲಸಗಳನ್ನು ಅಪ್‌ಡೇಟ್ ಬರುತ್ತಿರುವ ಬೇರೊಂದು ಯಂತ್ರಕ್ಕೆ ವರ್ಗಾಯಿಸಿ, ಹಳೆಯದರ ತಂತಿಯನ್ನು ಕಿತ್ತುಬಿಡಿ. ವೈಫೈ ಇದ್ದರೆ ಆರಿಸಿದರಷ್ಟೇ ಸಾಲದು, ಅದು ನೆನಪಿಟ್ಟುಕೊಂಡಿರುವ ಜಾಲದ ಹೆಸರು, ಪಾಸ್‌ವರ್ಡನ್ನೂ ಅಳಿಸಿಹಾಕಿ. ಇಲ್ಲವಾದರೆ ಯಾರೋ ಹುಡುಗರು ಕ್ರಿಕೆಟ್ ಸ್ಕೋರು ನೋಡಲು ಮತ್ತೆ ಚಾಲೂ ಮಾಡುತ್ತಾರೆ, ಯಂತ್ರ ಸದ್ದಿಲ್ಲದೆ ಸಂತೆಗೆ ಹೋಗಿ ಬಂದಿರುತ್ತದೆ.

ಹೀಗೆ ಕಟ್ಟಿಹಾಕಿದ ಯಂತ್ರಕ್ಕೆ ಬರುವ ಒಂದು ಸಣ್ಣ ತೊಂದರೆಯನ್ನು ಹೇಳಿಬಿಡುತ್ತೇನೆ, ಅನೇಕರಿಗೆ ಇದು ಹೊಳೆಯುವುದಿಲ್ಲ. ಇಂಟರ್‌ನೆಟ್ ಇದ್ದಾಗ ಕಂಪ್ಯೂಟರ್ ತನ್ನ ಗಡಿಯಾರವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ತಂತಿ ಕಿತ್ತ ಮೇಲೆ ಗಡಿಯಾರ ಒಳಗಿರುವ ನಾಣ್ಯದಂಥ ಸಣ್ಣ ಬ್ಯಾಟರಿಯನ್ನು ನಂಬಿಕೊಂಡಿರುತ್ತದೆ. ಹಳೆಯ ಯಂತ್ರಗಳಲ್ಲಿ ಅದು ಸತ್ತಿರುವುದೇ ಹೆಚ್ಚು. ಕರೆಂಟು ಹೋಗಿ ಬಂದರೆ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಓಡುತ್ತದೆ, ಅಂದಿನ ಹಾಲೆಲ್ಲ ಆ ತಾರೀಖಿಗೆ ಜಮಾ ಆಗುತ್ತದೆ. ಬಟವಾಡೆಯ ದಿನ ಜಗಳಕ್ಕೆ ಬೇರೆ ಕಾರಣ ಬೇಕಿಲ್ಲ. ಮೇಜಿನ ಮೇಲಿಡುವ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಸಿಆರ್ 2032 ಎಂಬ ಬ್ಯಾಟರಿ. ಬೆಲೆ ಅಲ್ಪ, ಮೊದಲೇ ಬದಲಾಯಿಸಿ. ಬೆಳಿಗ್ಗೆ ಯಂತ್ರ ಹಚ್ಚಿದೊಡನೆ ತಾರೀಖನ್ನು ಗೋಡೆಯ ಕ್ಯಾಲೆಂಡರಿನೊಂದಿಗೆ ಹೋಲಿಸಿ ನೋಡುವುದು ಅಭ್ಯಾಸವಾಗಲಿ.

ಪೆನ್‌ಡ್ರೈವ್ ಎಂಬ ನೆಂಟ

ತಂತಿ ಕಿತ್ತರೆ ರೋಗ ಬರುವ ಹೆಬ್ಬಾಗಿಲು ಮುಚ್ಚಿತು, ಹಿತ್ತಿಲ ಬಾಗಿಲು ಉಳಿಯಿತು. ಇರಾನ್ ದೇಶದ ನತಾಂಜ್ ಎಂಬಲ್ಲಿನ ಅಣು ಸ್ಥಾವರದ ಯಂತ್ರಗಳಿಗೆ ಹೊರಗಿನ ಇಂಟರ್‌ನೆಟ್ಟಿನ ಸಂಪರ್ಕವಿರಲಿಲ್ಲ. ಆದರೂ 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕಾರ್ಯಕ್ರಮ ಅಲ್ಲಿಗೂ ನುಗ್ಗಿತ್ತು. ಪೆನ್‌ಡ್ರೈವ್‌ಗಳ ಮೂಲಕ ಹರಡುವಂತೆಯೇ ಅದನ್ನು ಹೆಣೆದಿದ್ದರು.

ನನ್ನ ಅನುಭವ ಅಷ್ಟು ದೊಡ್ಡದಲ್ಲ. ಕೆಲವು ವರ್ಷಗಳ ಹಿಂದೆ ತೋಟದ ಲೆಕ್ಕ, ಪಂಪ್‌ಸೆಟ್ಟಿನ ಅರ್ಜಿ, ಮಗನ ಮದುವೆಯ ಫೋಟೋ ಎಲ್ಲ ಇದ್ದ ಪೆನ್‌ಡ್ರೈವನ್ನು ಒಂದು ಪುಟ ಮುದ್ರಿಸಲೆಂದು ಪೇಟೆಯ ಜೆರಾಕ್ಸ್ ಅಂಗಡಿಗೆ ಕೊಟ್ಟೆ. ಮನೆಗೆ ಬಂದು ಚುಚ್ಚಿ ನೋಡಿದರೆ ಕಡತಗಳೆಲ್ಲ ಹೋಗಿ ಅವೇ ಹೆಸರಿನ ಶಾರ್ಟ್‌ಕಟ್‌ಗಳು ಕುಳಿತಿದ್ದವು. ಏನೋ ಎಡವಟ್ಟೆಂದು ಒಂದರ ಮೇಲೆ ಒತ್ತಿದೆ. ಒತ್ತಬಾರದಿತ್ತು. ಪೆನ್‌ಡ್ರೈವಿನಲ್ಲಿದ್ದ ಸೋಂಕು ಮನೆಯ ಯಂತ್ರಕ್ಕೂ ಇಳಿಯಿತು. ಪುಣ್ಯಕ್ಕೆ ಅದು ಕಡತಗಳನ್ನು ಬಚ್ಚಿಟ್ಟಿತ್ತೇ ಹೊರತು ಅಳಿಸಿರಲಿಲ್ಲ. ಬಲ್ಲವರೊಬ್ಬರು ಅರ್ಧ ದಿನ ಕುಳಿತು ತೆಗೆದುಕೊಟ್ಟರು. ಅಂಗಡಿಯವನಿಗೆ ಗೊತ್ತೇ ಇರಲಿಲ್ಲ. ದಿನಕ್ಕೆ ನೂರು ಪೆನ್‌ಡ್ರೈವ್ ಚುಚ್ಚುವ ಯಂತ್ರವೆಂದರೆ ಊರ ಜಾತ್ರೆಯ ನೀರಿನ ತೊಟ್ಟಿ ಇದ್ದಂತೆ.

ಅಂದಿನಿಂದ ನಾನು ಎರಡು ಪೆನ್‌ಡ್ರೈವ್ ಇಟ್ಟುಕೊಂಡಿದ್ದೇನೆ. ಕೆಂಪು ದಾರ ಕಟ್ಟಿದ್ದು ಹೊರಗೆ ಹೋಗುತ್ತದೆ, ಅದರಲ್ಲಿ ಮುದ್ರಿಸಬೇಕಾದ ಒಂದು ಕಡತ ಬಿಟ್ಟು ಬೇರೇನೂ ಇರುವುದಿಲ್ಲ, ಮತ್ತು ಅದು ಹಳೆಯ ಯಂತ್ರಕ್ಕೆ ಮರಳಿ ಬರುವುದಿಲ್ಲ. ಬಿಳಿ ದಾರದ್ದು ಮನೆ ಬಿಟ್ಟು ಹೊರಡುವುದಿಲ್ಲ. ಸಂಘದಲ್ಲಿ ಹೀಗೆ ಮಾಡುವುದು ಕಷ್ಟವಲ್ಲ. ಜೊತೆಗೆ, ಪೆನ್‌ಡ್ರೈವ್ ಚುಚ್ಚಿದೊಡನೆ ಅದರೊಳಗಿನದು ತಾನೇ ತೆರೆಯುವ ಆಟೋಪ್ಲೇ ಎಂಬ ಏರ್ಪಾಡಿದೆ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಆರಿಸಿಡಿ.

ಬೀಜದ ಕಾಳಿನಂತೆ ಪ್ರತಿ ತೆಗೆದಿಡಿ

ಎಲ್ಲ ಎಚ್ಚರಿಕೆಗಳಿಗಿಂತ ಹೆಚ್ಚಿನದು ಇದು. ಫಸಲು ಎಷ್ಟೇ ಬಂದರೂ ಬೀಜದ ಕಾಳನ್ನು ಬೇರೆ ತೆಗೆದಿಡುವಂತೆ ಲೆಕ್ಕದ ಪ್ರತಿಯನ್ನು ಬೇರೆ ತೆಗೆದಿಡಬೇಕು. ವಾನಾಕ್ರೈನಂಥದು ಬಂದಾಗ ಪ್ರತಿ ಇದ್ದವರು ಯಂತ್ರವನ್ನು ತೊಳೆದು ಹೊಸದಾಗಿ ಶುರು ಮಾಡಿದರು, ಇಲ್ಲದವರು ತಲೆಯ ಮೇಲೆ ಕೈಹೊತ್ತು ಕುಳಿತರು. ಹಣ ಕಟ್ಟಿದರೂ ಬೀಗ ತೆಗೆದೇ ತೆಗೆಯುತ್ತಾರೆಂಬ ಖಾತರಿ ಇಲ್ಲ.

ಪ್ರತಿ ತೆಗೆದ ಡಿಸ್ಕನ್ನು ಯಂತ್ರಕ್ಕೆ ಚುಚ್ಚಿಯೇ ಬಿಡುವವರಿದ್ದಾರೆ. ಅದು ಪ್ರತಿಯಲ್ಲ. ಯಂತ್ರಕ್ಕೆ ಬೀಗ ಬಿದ್ದಾಗ ಅದಕ್ಕೂ ಬೀಳುತ್ತದೆ. ಕೆಲಸ ಮುಗಿದೊಡನೆ ಕಿತ್ತು ಬೀರುವಿನಲ್ಲಿಡಿ. ಎರಡು ಪ್ರತಿ ಇರಲಿ, ಒಂದು ಸಂಘದಲ್ಲಿ, ಇನ್ನೊಂದು ಅಧ್ಯಕ್ಷರ ಮನೆಯಲ್ಲಿ. ಬೆಂಕಿ, ಸಿಡಿಲು, ಕಳ್ಳತನ ಯಾವುದಾದರೂ ಒಂದೇ ಜಾಗಕ್ಕೆ ಬರುವುದು. ಪ್ರತಿ ಬಟವಾಡೆಯ ಹಿಂದಿನ ದಿನ ಪ್ರತಿ ತೆಗೆಯುವ ಪದ್ಧತಿ ಇಟ್ಟುಕೊಂಡರೆ ಮರೆಯುವುದಿಲ್ಲ. ವರ್ಷಕ್ಕೆರಡು ಸಲ ಆ ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿ. ಬಿತ್ತುವ ಮೊದಲು ಬೀಜ ಮೊಳೆಯುತ್ತದೆಯೇ ಎಂದು ಒದ್ದೆ ಬಟ್ಟೆಯಲ್ಲಿ ಕಟ್ಟಿ ನೋಡುವುದಿಲ್ಲವೇ?

ಕನ್ನಡ ಕಡತಗಳ ಬಗ್ಗೆ ಒಂದು ಮಾತು. ಹಳೆಯ ನುಡಿಯಲ್ಲಿ ಬರೆದ ಠರಾವುಗಳನ್ನು ಹೊಸ ಯಂತ್ರದಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸಬಹುದು. ಕಡತ ಕೆಟ್ಟಿಲ್ಲ, ಆ ಅಕ್ಷರಶೈಲಿ ಹೊಸ ಯಂತ್ರದಲ್ಲಿಲ್ಲ ಅಷ್ಟೆ. ಹಳೆಯ ಯಂತ್ರ ನಡೆಯುತ್ತಿರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಡುವುದು ಜಾಣತನ.

ಇಂಟರ್‌ನೆಟ್ ಬಿಡಲಾಗದವರು

ಇರುವುದೊಂದೇ ಯಂತ್ರ, ಅದರಲ್ಲೇ ಎಲ್ಲ ಆಗಬೇಕು ಎನ್ನುವವರಿಗೆ ದಾರಿ ಇಲ್ಲವೆಂದಲ್ಲ. ವಿಂಡೋಸ್ 10 ಇದ್ದವರಿಗೆ ಕಂಪನಿ 2025ರಲ್ಲಿ ಒಂದು ಹೆಚ್ಚುವರಿ ಅವಧಿಯನ್ನು ಪ್ರಕಟಿಸಿತು. ಮನೆಬಳಕೆಯವರು 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಪಡೆಯಬಹುದು. ಯಂತ್ರದ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದರೆ ಹಣ ಕೊಡಬೇಕಿಲ್ಲ, ಇಲ್ಲವಾದರೆ 30 ಡಾಲರ್. ಸಂಘ ಸಂಸ್ಥೆಗಳಿಗೆ ದರ ಬೇರೆ: ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರ್, ಆಮೇಲೆ ವರ್ಷವರ್ಷವೂ ದುಪ್ಪಟ್ಟು, ಹೆಚ್ಚೆಂದರೆ ಮೂರು ವರ್ಷ. ಕೂಡಿದರೆ 427 ಡಾಲರ್. ಅಷ್ಟು ಹಣಕ್ಕೆ ಸಾಧಾರಣವಾದ ಹೊಸ ಯಂತ್ರವೇ ಬಂದೀತು, ಆದ್ದರಿಂದ ಪೂರ್ತಿ ಮೂರು ವರ್ಷ ಕಟ್ಟುವುದು ನನ್ನ ಮಟ್ಟಿಗೆ ದಂಡ.

ವಿಂಡೋಸ್ 7 ಇದ್ದವರಿಗೆ ಈ ಸೌಲಭ್ಯವೂ ಇಲ್ಲ. ಗೂಗಲಿನ ಕ್ರೋಮ್ ಕೂಡ 2023ರ ಫೆಬ್ರವರಿಯಿಂದ ಅದರ ಕೈಬಿಟ್ಟಿದೆ. ಅಂಥ ಯಂತ್ರವನ್ನು ಇಂಟರ್‌ನೆಟ್ಟಿಗೆ ಕಟ್ಟಲೇಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ.

ಇಂಥ ಯಂತ್ರಗಳಿಗೆ ಲಿನಕ್ಸ್ ಎಂಬ ಬೇರೊಂದು ಮೂಲ ಕಾರ್ಯಕ್ರಮವಿದೆ. ಬೆಲೆ ಇಲ್ಲ. ಅದರಲ್ಲಿ ಲಿನಕ್ಸ್ ಮಿಂಟ್ ಎಂಬುದು ಹೊಸಬರಿಗೆ ಒಗ್ಗುತ್ತದೆ. 2 ಜಿಬಿ ಮೆಮೊರಿ ಇದ್ದರೆ ನಡೆಯುತ್ತದೆ, 4 ಇದ್ದರೆ ಹಾಯಾಗಿ ಓಡುತ್ತದೆ. ಅದರ 22ನೆಯ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಕೊಡುವುದಾಗಿ ಹೇಳಿದ್ದಾರೆ. ಪತ್ರ ಬರೆಯಲು, ಲೆಕ್ಕದ ಹಾಳೆ ಮಾಡಲು, ಇಂಟರ್‌ನೆಟ್ ನೋಡಲು ಬೇಕಾದದ್ದು ಜೊತೆಗೇ ಬರುತ್ತದೆ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆಯೂ ಅದರಲ್ಲಿದೆ, ನುಡಿಯಲ್ಲಿ ಬೆರಳಾಡಿಸಿ ಅಭ್ಯಾಸವಿದ್ದವರಿಗೆ ತೊಡಕಾಗದು. ಪೆನ್‌ಡ್ರೈವಿನಿಂದಲೇ ನಡೆಸಿ ನೋಡಿ, ಒಪ್ಪಿಗೆಯಾದರೆ ಮಾತ್ರ ಒಳಗೆ ಹಾಕಿಸಬಹುದು. ಆದರೆ ಒಂದು ಮಿತಿ ಇದೆ. ಡೇರಿಯ ಹಾಲಿನ ಲೆಕ್ಕದ ಕಾರ್ಯಕ್ರಮ, ಟ್ಯಾಲಿ ಮುಂತಾದವು ವಿಂಡೋಸಿಗೆಂದೇ ಬರೆದವು, ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಮನೆಗೆ, ಶಾಲೆಗೆ ಅದು ಒಳ್ಳೆಯದು. ಡೇರಿಯವರು ಕೇಳಿ ತಿಳಿದೇ ಮುಂದುವರಿಯಬೇಕು.

ಇನ್ನು ಪೇಟೆಯ ರಿಪೇರಿ ಅಂಗಡಿಗಳಲ್ಲಿ ಐನೂರು ರೂಪಾಯಿಗೆ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರಿದ್ದಾರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ನಂತರದ ತಲೆಮಾರಿನ ಪ್ರೊಸೆಸರ್ ಬೇಕು. ಅವಿಲ್ಲದ ಯಂತ್ರಕ್ಕೆ ಒಳದಾರಿಯಿಂದ ಹಾಕಿದರೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲವೆಂದು ಕಂಪನಿಯೇ ಹೇಳಿದೆ. ಕ್ರ್ಯಾಕ್ ಮಾಡಿದ ವಿಂಡೋಸ್ ಅಂತೂ ಬೇಡವೇ ಬೇಡ. ಬೀಗ ಒಡೆಯಲು ಬಂದವನು ಒಳಗೆ ಏನು ಇಟ್ಟುಹೋದನೆಂದು ನಿಮಗೆ ಹೇಗೆ ತಿಳಿಯಬೇಕು? ನಿಮ್ಮ ವಿಂಡೋಸಿನ ಅವಧಿ ಮುಗಿದಿದೆ, ಸರಿಪಡಿಸುತ್ತೇವೆ ಎಂದು ಫೋನು ಬಂದರೆ ಮಾತು ಬೆಳೆಸದೆ ಇಟ್ಟುಬಿಡಿ. ಕಂಪನಿ ಹಾಗೆ ತಾನಾಗಿ ಯಾರಿಗೂ ಫೋನು ಮಾಡುವುದಿಲ್ಲ.

ಹಣದ ವ್ಯವಹಾರವನ್ನು ಹಳೆಯ ಯಂತ್ರದಲ್ಲಿ ಮಾಡಬೇಡಿ. ಬ್ಯಾಂಕಿನ ಪಾಸ್‌ವರ್ಡನ್ನು ಅದರಲ್ಲಿ ಉಳಿಸಿದ್ದರೆ ಅಳಿಸಿ, ಬೇರೆ ಯಂತ್ರದಿಂದ ಪಾಸ್‌ವರ್ಡ್ ಬದಲಾಯಿಸಿ. ಫೋನಿನಲ್ಲಿ ಮಾಡುತ್ತೇನೆಂದರೆ ಅದಕ್ಕೂ ಅಪ್‌ಡೇಟ್ ಬರುತ್ತಿದೆಯೇ ನೋಡಿ. ಫೋನುಗಳಿಗೂ ಲಸಿಕೆ ನಿಲ್ಲುತ್ತದೆ, ಕಂಪ್ಯೂಟರಿಗಿಂತ ಬೇಗನೆ.

ಇಷ್ಟಾಗಿಯೂ ಒಂದು ದಿನ ಕಡತಗಳು ತೆರೆಯದೆ ಪರದೆಯ ಮೇಲೆ ಹಣದ ಬೇಡಿಕೆ ಕಂಡರೆ ಗಾಬರಿಯಲ್ಲಿ ಏನೇನೋ ಒತ್ತಬೇಡಿ. ಮೊದಲು ಇಂಟರ್‌ನೆಟ್ ತಂತಿ ಕೀಳಿ, ಅದೇ ಕೋಣೆಯ ಬೇರೆ ಯಂತ್ರಗಳನ್ನೂ ಜಾಲದಿಂದ ಬಿಡಿಸಿ. ಪ್ರತಿಯಿರುವ ಡಿಸ್ಕನ್ನು ಆ ಯಂತ್ರಕ್ಕೆ ಚುಚ್ಚಬೇಡಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದರೆ ಮಾತ್ರ.

ಕೊನೆಗೆ ಯಂತ್ರವನ್ನು ಗುಜರಿಗೆ ಹಾಕುವ ಕಾಲ ಬಂದಾಗ ಅದರ ಹಾರ್ಡ್‌ಡಿಸ್ಕನ್ನು ಬಿಚ್ಚಿಸಿ ತೆಗೆದುಕೊಳ್ಳಿ. ಸದಸ್ಯರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರು ಎಲ್ಲ ಅದರಲ್ಲಿರುತ್ತವೆ, ಡಿಲೀಟ್ ಒತ್ತಿದರೆ ಅವು ಪೂರ್ತಿ ಹೋಗುವುದಿಲ್ಲ. ಬೇಕಾದ ಕಡತಗಳೆಲ್ಲ ಹೊಸ ಯಂತ್ರಕ್ಕೆ ಬಂದಿವೆಯೆಂದು ಖಚಿತವಾದ ಮೇಲೆ ಆಡಳಿತ ಮಂಡಳಿಯ ಎದುರಿಗೇ ಅದಕ್ಕೆ ನಾಲ್ಕು ಕಡೆ ಡ್ರಿಲ್ ಹೊಡೆಸಿ, ಆ ಬಗ್ಗೆ ನಡವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿಡಿ.